ಮಗನ ಜರ್ಮನಿ ವೀಸಾ, ತೋಟದ ಮೇಲೆ ಸಾಲ: ನಮಗೆ ಆದದ್ದು

ಅಡಿಕೆ ಬೆಳೆಗಾರರ ಗುಂಪಿನಲ್ಲಿ ವೀಸಾ ಪ್ರಶ್ನೆ ಕೇಳಿದ್ದಕ್ಕೆ ಕ್ಷಮೆ ಯಾಕೆ ಮಾರಾಯ್ರೆ, ಇಲ್ಲಿ ಎಷ್ಟು ಜನರ ಮಕ್ಕಳು ಹೊರಗಿದ್ದಾರೆ! ಮಗನಿಗೆ ಅಕ್ಟೋಬರಿಗೆ ಎಂಎಸ್ ಸೀಟು ಸಿಕ್ಕಿದೆ, ತೋಟ ಅಡ ಇಟ್ಟರೆ ಸಾಲ ಸಿಗ್ತದಾ, ಏಜೆಂಟ್ ಬೇಕಾ ಅಂತ ಕೇಳಿದ್ದೀರಿ. ಕಾರ್ಕಳದಿಂದ ಮಗಳನ್ನು ಕಳಿಸಿ ಪಾಠ ಕಲಿತವನು ನಾನು, ಹೇಳ್ತೇನೆ.

ಮೊದಲು ದುಡ್ಡು. ವೀಸಾ ಅರ್ಜಿ ಹಾಕುವಾಗಲೇ ಒಂದು ವರ್ಷದ ಖರ್ಚು ತೋರಿಸಬೇಕು. ಈಗ ತಿಂಗಳಿಗೆ 992ರಂತೆ 11,904 ಯೂರೋ, ಬ್ಲಾಕ್ಡ್ ಅಕೌಂಟಿನಲ್ಲಿ. ಅದು ಫೀಸಲ್ಲ, ಮಗನದ್ದೇ ದುಡ್ಡು. ಅಲ್ಲಿ ಹೋದ ಮೇಲೆ ತಿಂಗಳು ತಿಂಗಳು ಅವನ ಕೈಗೆ ಬರ್ತದೆ.

ನಾನು ಪಹಣಿ ಹಿಡಿದುಕೊಂಡು ಬ್ಯಾಂಕಿಗೆ ಹೋದೆ. ಎರಡೂವರೆ ಎಕರೆ ಫಸಲಿನ ತೋಟ ಅಂತ ಧೈರ್ಯ. ಮ್ಯಾನೇಜರು ಒಮ್ಮೆ ನೋಡಿ ಹಾಗೇ ಮಡಚಿ ವಾಪಸ್ ಕೊಟ್ಟರು. ಸಾಲ ಕಟ್ಟದಿದ್ದರೆ ಆಸ್ತಿ ವಶ ಮಾಡಿಕೊಳ್ಳುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಶಿಕ್ಷಣ ಸಾಲಕ್ಕೆ ತೋಟ ಅಂದ ಕೂಡಲೇ ಹಿಂದೆ ಸರಿಯುತ್ತಾರೆ. ತೋಟಕ್ಕೆ ತಾಗಿದ ಕುಮ್ಕಿ ಜಾಗವಂತೂ ಸರ್ಕಾರದ್ದು, ಲೆಕ್ಕಕ್ಕೇ ಇಲ್ಲ. ಕನ್ವರ್ಷನ್ ಆದ, ಅಂದರೆ ಕೃಷಿಯೇತರ ಅಂತ ಬದಲಾಯಿಸಿದ ಜಾಗ ಬೇಕು. ನಮ್ಮ ಮನೆಯಡಿ ಜಾಗಕ್ಕೂ ಕನ್ವರ್ಷನ್ ಆಗಿರಲಿಲ್ಲ! ಕೊನೆಗೆ ಭಾವನ ಸೈಟು ಇಟ್ಟದ್ದು. ನಿಮ್ಮಲ್ಲಿ ಅಂಥ ಜಾಗ ಯಾವುದಿದೆ, ಯಾರ ಹೆಸರಲ್ಲಿದೆ, ಪಾಲು ಆಗಿದೆಯಾ, ಈ ವಾರವೇ ನೋಡಿ.

ಇನ್ನೊಂದು ಗಂಟು. ನಮ್ಮ ಬ್ಯಾಂಕಿನವರು ವೀಸಾ ತನ್ನಿ, ದುಡ್ಡು ಬಿಡ್ತೇವೆ ಅಂದರು. ದುಡ್ಡು ಕಾಣದೆ ವೀಸಾ ಇಲ್ಲ. ಮೂರು ವಾರ ಇದರಲ್ಲೇ ಹೋಯಿತು. ವೀಸಾಕ್ಕೆ ಮೊದಲೇ ಬ್ಲಾಕ್ಡ್ ಅಕೌಂಟಿಗೆ ಹಾಕ್ತೀರಾ ಅಂತ ಮೊದಲ ದಿನವೇ ಕೇಳಿ, ಬರೆಸಿಕೊಳ್ಳಿ. ಸ್ವಂತ ದುಡ್ಡು ಕಳಿಸುವುದಾದರೆ ವರ್ಷಕ್ಕೆ 10 ಲಕ್ಷ ದಾಟಿದ್ದಕ್ಕೆ ಟಿಸಿಎಸ್ ಅಂತ ತೆರಿಗೆ ಹಿಡಿಯುತ್ತಾರೆ. ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಅದಿಲ್ಲ.

ಎಪಿಎಸ್ ಆಗಿದೆಯಾ ಅಂತ ನೀವು ಬರೆಯಲಿಲ್ಲ. ಮಾರ್ಕ್ಸ್ ಕಾರ್ಡ್ ಅಸಲಿ ಅಂತ ಕೊಡುವ ಸರ್ಟಿಫಿಕೇಟ್ ಅದು. 2022ರ ನವೆಂಬರಿನಿಂದ ನಮ್ಮ ಮಕ್ಕಳಿಗೆ ಕಡ್ಡಾಯ. ಆಗದಿದ್ದರೆ ಉಳಿದದ್ದೆಲ್ಲ ಬದಿಗಿಟ್ಟು ಅದನ್ನು ಮಾಡಿಸಿ.

ಏಜೆಂಟ್? ಮಂಗಳೂರಿನಲ್ಲಿ ಒಬ್ಬರಿಗೆ ಸುಮ್ನೆ ದುಡ್ಡು ಸುರಿದೆವು. ಅವರು ತುಂಬಿಸಿದ ಫಾರಂನಲ್ಲಿ ಮಗಳ ಹೆಸರೇ ತಪ್ಪು. ಮಾರ್ಕ್ಸ್ ಕಾರ್ಡಿನಲ್ಲಿ ನಮ್ಮೂರಿನ ಕ್ರಮದಂತೆ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಇವರು ಇನಿಷಿಯಲನ್ನೇ ಸರ್‌ನೇಮ್ ಮಾಡಿಬಿಟ್ಟಿದ್ದರು. ಮಗಳು ರಾತ್ರಿ ಕೂತು ತಾನೇ ಹೊಸದಾಗಿ ತುಂಬಿಸಿದಳು, ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆವು. ಎಂಜಿನಿಯರಿಂಗ್ ಮುಗಿಸಿದ ಹುಡುಗನಿಗೆ ಆ ಫಾರಂ ಕಷ್ಟವಲ್ಲ, ಅಲ್ವಾ?

ಕರ್ನಾಟಕದವರಿಗೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್. ಕಾಗದ ಸರಿ ಇದ್ದರೆ ಅಲ್ಲಿ ಹೆದರಲಿಕ್ಕೆ ಏನೂ ಇಲ್ಲ. ಮಗಳು ರಾತ್ರಿ ಬಸ್ಸಿನಲ್ಲಿ ಹೋಗಿ ಮರುದಿನ ರಾತ್ರಿಯ ಬಸ್ಸಿಗೇ ಹತ್ತಿದಳು. ಕಾಲೇಜು ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಿದ್ದರೆ ಸೆಮಿಸ್ಟರಿಗೆ 1,500 ಯೂರೋ ಫೀಸ್ ಜಾಸ್ತಿ ಹಿಡಿದುಕೊಳ್ಳಿ.

ಪಹಣಿ, ಕನ್ವರ್ಷನ್ ಆರ್ಡರಿನ ಫೋಟೋ ನನಗೆ ಕಳಿಸಿ, ನೋಡಿ ಹೇಳ್ತೇನೆ. ಫೋನ್ ಮಾತ್ರ ರಾತ್ರಿ ಮಾಡಿ. ಮಳೆ ಬಿಟ್ಟರೆ ಹಗಲು ತೋಟಕ್ಕೆ ಮದ್ದು ಬಿಡಲಿಕ್ಕಿದೆ.