ಜುಹೂ ಕಡಲು ಕಂದು, ಮೇಲಿನ ಆಕಾಶ ನೀಲಿ: ಹೇಗೆ?

ಪ್ರಶ್ನೆ: ಆಕಾಶದ ನೀಲಿ ಎಂದರೆ ಸಮುದ್ರದ ಪ್ರತಿಫಲನ ಎಂದು ಚಿಕ್ಕಂದಿನಲ್ಲಿ ಕೇಳಿದ್ದನ್ನೇ ಮಗಳಿಗೂ ಹೇಳಿದೆ. ಏಳನೆಯ ತರಗತಿಯಲ್ಲಿರುವ ಅವಳು, "ಜುಹೂ ನೀರು ಕಂದಾಗಿದೆಯಲ್ಲಪ್ಪಾ, ಹಾಗಾದರೆ ಆಕಾಶವೂ ಕಂದಾಗಿರಬೇಕಿತ್ತಲ್ಲ?" ಎಂದು ಕೇಳಿದಳು. ಇದಕ್ಕೆ ಏನು ಉತ್ತರ? ಮಳೆ ಮುಗಿದ ಹೊಸತರಲ್ಲಿ ಇಲ್ಲಿ ಕಾಣುವ ಗಾಢ ನೀಲಿ ಜನವರಿಯ ಹೊತ್ತಿಗೆ ಬಿಳಿಚಿಕೊಳ್ಳುವುದೇಕೆ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಮ್ಮ ಮಗಳ ವಾದದಲ್ಲಿ ಲೋಪವಿಲ್ಲ. ಕಡಲಿನಿಂದ ನೂರಾರು ಕಿಲೋಮೀಟರ್ ಒಳಗಿರುವ ಬೀದರ್, ಕಲಬುರಗಿಗಳಲ್ಲಿಯೂ ಆಕಾಶ ನೀಲಿಯಾಗಿಯೇ ಇರುವುದರಿಂದ, ಪ್ರತಿಫಲನದ ವಿವರಣೆಯನ್ನು ಕೈಬಿಡಲು ಅಷ್ಟೇ ಸಾಕು. ಆ ಬಣ್ಣವನ್ನು ಉಂಟುಮಾಡುವುದು ನಾವು ಉಸಿರಾಡುವ ಗಾಳಿ.

ಸೂರ್ಯನ ಬಿಳಿ ಬೆಳಕಿನಲ್ಲಿ ನೇರಳೆಯಿಂದ ಕೆಂಪಿನವರೆಗಿನ ಎಲ್ಲ ಬಣ್ಣಗಳೂ ಬೆರೆತಿವೆ. ನೇರಳೆಯ ತರಂಗದೂರ, ಅಂದರೆ ಅದರ ಒಂದು ಅಲೆಯ ಉದ್ದ, ಸುಮಾರು 400 ನ್ಯಾನೋಮೀಟರ್, ಕೆಂಪಿನದು ಸುಮಾರು 700. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಗಾಳಿಯ ಬಹುಪಾಲಾಗಿರುವ ನೈಟ್ರೋಜನ್ ಮತ್ತು ಆಕ್ಸಿಜನ್ ಅಣುಗಳು ಒಂದು ನ್ಯಾನೋಮೀಟರಿಗಿಂತಲೂ ಚಿಕ್ಕವು. ತರಂಗದೂರಕ್ಕಿಂತ ಇಷ್ಟೊಂದು ಸಣ್ಣದಾದ ಕಣಗಳ ಮೇಲೆ ಬೆಳಕು ಬಿದ್ದಾಗ ಅದರ ಒಂದಂಶ ಎಲ್ಲ ದಿಕ್ಕುಗಳಿಗೂ ಚದುರುತ್ತದೆ, ಮತ್ತು ಆ ಚದುರುವಿಕೆಯ ಪ್ರಮಾಣವು ತರಂಗದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ, ಅಂದರೆ ತರಂಗದೂರ ಸ್ವಲ್ಪ ಕಡಿಮೆಯಾದರೂ ಚದುರುವಿಕೆ ಬಹಳ ಹೆಚ್ಚುತ್ತದೆ. ಲೆಕ್ಕ ಹಾಕಿದರೆ, 450 ನ್ಯಾನೋಮೀಟರಿನ ನೀಲಿಯು 700 ನ್ಯಾನೋಮೀಟರಿನ ಕೆಂಪಿಗಿಂತ ಸುಮಾರು 6 ಪಟ್ಟು ಹೆಚ್ಚು ಚದುರುತ್ತದೆ. ಸೂರ್ಯನಿರುವ ದಿಕ್ಕನ್ನು ಬಿಟ್ಟು ಬೇರೆಲ್ಲಿ ಕಣ್ಣೆತ್ತಿದರೂ ನಮ್ಮನ್ನು ತಲುಪುವುದು ಹೀಗೆ ಚದುರಿದ ಬೆಳಕೇ ಆದ್ದರಿಂದ ಆಕಾಶ ನೀಲಿಯಾಗಿ ಕಾಣುತ್ತದೆ. ಗಾಳಿಯಿಲ್ಲದ ಚಂದ್ರನ ಮೇಲೆ ಹಗಲಿನಲ್ಲಿಯೂ ಆಕಾಶ ಕಪ್ಪು.

ಈ ನಿಯಮವನ್ನು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರಾಲೇ 1871ರಲ್ಲಿ ಮಂಡಿಸಿದರು. ಬೆಳಕನ್ನು ಚದುರಿಸುವುದು ಗಾಳಿಯಲ್ಲಿ ತೇಲುವ ಸೂಕ್ಷ್ಮ ಧೂಳೇ ಇರಬೇಕೆಂಬ ನಂಬಿಕೆ ಆಗ ಪ್ರಬಲವಾಗಿತ್ತು. ಧೂಳಿನ ಹಂಗಿಲ್ಲದೆ ಬರಿಯ ಗಾಳಿಯ ಅಣುಗಳೇ ಈ ಕೆಲಸಕ್ಕೆ ಸಾಕು ಎಂಬುದನ್ನು ಅವರೇ 1899ರಲ್ಲಿ ತೋರಿಸಿದರು.

ಇಲ್ಲಿ ಜಾಣ ವಿದ್ಯಾರ್ಥಿಗಳು ತಪ್ಪದೆ ಎತ್ತುವ ತಕರಾರೊಂದಿದೆ: ನೇರಳೆಯ ತರಂಗದೂರ ನೀಲಿಯದಕ್ಕಿಂತಲೂ ಕಡಿಮೆಯಾದ್ದರಿಂದ ಅದು ಇನ್ನೂ ಹೆಚ್ಚು ಚದುರಬೇಕು, ಆಕಾಶ ನೇರಳೆಯಾಗಿರಬೇಕು. ಹಲವು ಪಠ್ಯಪುಸ್ತಕಗಳು ಈ ಜಾಗದಲ್ಲಿ ಮೌನ ವಹಿಸುವುದು ನನಗೆ ಸರಿ ಕಾಣುವುದಿಲ್ಲ. ನೇರಳೆ ಹೆಚ್ಚು ಚದುರುವುದು ನಿಜ. ಆದರೆ ಸೂರ್ಯನ ಬೆಳಕಿನಲ್ಲಿಯೇ ನೇರಳೆಯ ಪಾಲು ನೀಲಿಯದಕ್ಕಿಂತ ಕಡಿಮೆ. ನಮ್ಮ ಕಣ್ಣಿನ ಸಂವೇದನೆಯೂ ನೇರಳೆಯ ತುದಿಗೆ ಹೋದಂತೆ ಬೇಗನೆ ಕುಗ್ಗುತ್ತದೆ. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಕಣ್ಣಿನಲ್ಲಿರುವ ಮೂರು ಬಗೆಯ ಶಂಕುಕೋಶಗಳು ಒಂದೊಂದು ಬಣ್ಣವನ್ನು ಪ್ರತ್ಯೇಕವಾಗಿ ಅಳೆಯುವುದಿಲ್ಲ. ಬಂದ ಬೆಳಕಿಗೆ ಮೂರೂ ಒಟ್ಟಾಗಿ ಪ್ರತಿಕ್ರಿಯಿಸುತ್ತವೆ, ಅವುಗಳ ಪ್ರತಿಕ್ರಿಯೆಗಳ ಅನುಪಾತವನ್ನು ಮಿದುಳು ಬಣ್ಣವಾಗಿ ಗ್ರಹಿಸುತ್ತದೆ. ಚದುರಿ ಬರುವ ಬೆಳಕಿನಲ್ಲಿ ನೇರಳೆ, ನೀಲಿಗಳ ಜೊತೆಗೆ ಸ್ವಲ್ಪ ಹಸಿರು, ಸ್ವಲ್ಪ ಕೆಂಪು ಕೂಡ ಇರುತ್ತವೆ. ಆ ಇಡೀ ಮಿಶ್ರಣವು ಕಣ್ಣಿಗೆ ಬಿಳಿ ಬೆರೆತ ನೀಲಿಯಂತೆ ತೋರುತ್ತದೆ.

ಕಡಲಿನ ವಿಷಯಕ್ಕೆ ಬರೋಣ, ಏಕೆಂದರೆ ಅದರಲ್ಲಿ ಮುಂಬೈಗೂ ಒಂದು ಪಾಲಿದೆ. ನೀವು ಕೇಳಿದ್ದಕ್ಕೆ ವಿರುದ್ಧವಾಗಿ, ಆಳ ಸಮುದ್ರದ ನೀಲಿಯೇ ಆಕಾಶದ ಪ್ರತಿಫಲನ ಎಂದು ರಾಲೇ ನಂಬಿದ್ದರು. 1921ರಲ್ಲಿ ಇಂಗ್ಲೆಂಡಿನಿಂದ 'ನಾರ್ಕುಂಡ' ಹಡಗಿನಲ್ಲಿ ಮರಳುತ್ತಿದ್ದ ಸಿ. ವಿ. ರಾಮನ್ ಅವರಿಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕನ್ನು, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ನಿಕೋಲ್ ಪಟ್ಟಕದಿಂದ ತಡೆದು ನೋಡಿದಾಗಲೂ ನೀಲಿ ಮಾಯವಾಗಲಿಲ್ಲ. ನೀರಿನ ಅಣುಗಳೂ ಬೆಳಕನ್ನು ಚದುರಿಸುತ್ತವೆ ಎಂಬ ತಮ್ಮ ಟಿಪ್ಪಣಿಯನ್ನು ಅವರು 'ನೇಚರ್' ಪತ್ರಿಕೆಗೆ ಬರೆದದ್ದು ಹಡಗು ಮುಂಬೈ ಬಂದರನ್ನು ಸೇರಿದಾಗ. ಆ ಜಾಡಿನಲ್ಲಿ ನಡೆದ ಸಂಶೋಧನೆಯೇ 1928ರ ರಾಮನ್ ಪರಿಣಾಮದವರೆಗೆ (ಚದುರಿದ ಬೆಳಕಿನ ಒಂದಂಶದ ತರಂಗದೂರ ಬದಲಾಗುವ ವಿದ್ಯಮಾನ) ಅವರನ್ನು ಒಯ್ದಿತು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಕಡಲಿನ ನೀಲಿಗೆ ದೊಡ್ಡ ಕಾರಣವೆಂದು ಈಗ ತಿಳಿದಿದೆ. ಜುಹೂ ತೀರದಲ್ಲಿ ಇವೆರಡಕ್ಕೂ ಅವಕಾಶವಿಲ್ಲ: ಖಾಡಿಗಳು ತಂದು ಸುರಿಯುವ ಮತ್ತು ಅಲೆಗಳು ಕದಡುವ ಹೂಳು ನೀರನ್ನು ಕಂದಾಗಿಸುತ್ತದೆ.

ನಿಮ್ಮ ಎರಡನೆಯ ಪ್ರಶ್ನೆ ನನಗೆ ಹೆಚ್ಚು ಮೆಚ್ಚುಗೆಯಾಯಿತು. ರಾಲೇ ನಿಯಮವು ತರಂಗದೂರಕ್ಕಿಂತ ಬಹಳ ಸಣ್ಣದಾದ ಕಣಗಳಿಗೆ ಮಾತ್ರ ಅನ್ವಯಿಸುತ್ತದೆ. ಕಣಗಳು ತರಂಗದೂರದಷ್ಟೇ ಅಥವಾ ಅದಕ್ಕಿಂತ ದೊಡ್ಡವಾದಾಗ ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತವೆ. ಅದರ ಗಣಿತವನ್ನು ಜರ್ಮನಿಯ ಗುಸ್ತಾವ್ ಮೀ 1908ರಲ್ಲಿ ಬಿಡಿಸಿಟ್ಟರು. ಮೋಡ ಬಿಳಿಯಾಗಿರುವುದು ಇದೇ ಕಾರಣದಿಂದ. ನಾಲ್ಕು ತಿಂಗಳ ಮಳೆಯು ಗಾಳಿಯಲ್ಲಿನ ಧೂಳನ್ನು ತೊಳೆದುಹಾಕುವುದರಿಂದ, ಮೋಡ ಸರಿದಾಗ ಕಾಣುವ ಆಕಾಶದಲ್ಲಿ ಅಣುಗಳದೇ ಮೇಲುಗೈಯಾಗಿರುತ್ತದೆ. ಚಳಿಗಾಲದಲ್ಲಿ ಗಾಳಿಯ ಬೀಸು ತಗ್ಗುತ್ತದೆ. ರಾತ್ರಿ ನೆಲ ತಣಿದು, ಅದಕ್ಕೆ ತಾಗಿದ ತಂಪು ಗಾಳಿಯ ಮೇಲೆ ಬಿಸಿ ಗಾಳಿಯ ಪದರ ಮುಚ್ಚಳದಂತೆ ಕೂರುವುದರಿಂದ ವಾಹನಗಳ ಹೊಗೆ, ಕಟ್ಟಡ ಕಾಮಗಾರಿಯ ಧೂಳು ಮೇಲೇರಿ ಚದುರದೆ ನಗರದ ಮೇಲೆಯೇ ಉಳಿಯುತ್ತವೆ. ಕಡಲ ಗಾಳಿಯಲ್ಲಿರುವ ಉಪ್ಪಿನ ಕಣಗಳು ತೇವ ಹೀರಿ ಉಬ್ಬಿದರೆ ಮಬ್ಬು ಇನ್ನಷ್ಟು ಹೆಚ್ಚುತ್ತದೆ. ಅಂಥ ದಿನಗಳಲ್ಲಿ ಸುಮಾರು 800 ಮೀಟರ್ ಎತ್ತರದ ಮಾಥೇರಾನ್ ಏರಿ ಬಯಲಿನತ್ತ ನೋಡಿದರೆ ಈ ಮಬ್ಬಿನ ಬಹುಭಾಗ ಕೆಳಗೇ ಉಳಿದಿರುವುದು ಕಾಣಿಸುತ್ತದೆ. ಆದ್ದರಿಂದ ಆಕಾಶ ಬಿಳಿಚಿರುವುದನ್ನು ಕೇವಲ ಹವಾಮಾನದ ಚಂಚಲತೆಯೆಂದು ತಳ್ಳಿಹಾಕುವಂತಿಲ್ಲ. ನಾವು ಏನನ್ನು ಉಸಿರಾಡುತ್ತಿದ್ದೇವೆ ಎಂಬುದರ ಸ್ಥೂಲ ಸೂಚನೆಯೂ ಅದರಲ್ಲಿದೆ.

ಮಗಳು ತಾನೇ ಪರೀಕ್ಷಿಸಬಹುದಾದ ಒಂದು ವಿಷಯವಿದೆ. ಚದುರಿದ ಬೆಳಕು ಭಾಗಶಃ ಧ್ರುವೀಕರಣಗೊಂಡಿರುತ್ತದೆ, ಅಂದರೆ ಅದರ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ; ಅದರಲ್ಲಿಯೂ ಸೂರ್ಯನಿಂದ 90 ಡಿಗ್ರಿ ದೂರದ ಆಕಾಶದಲ್ಲಿ ಇದು ಅತಿ ಹೆಚ್ಚು. ಸೂರ್ಯ ಪಶ್ಚಿಮಕ್ಕೆ ಇಳಿದ ಸಂಜೆ, ನೆತ್ತಿಯ ಮೇಲಿನ ಆಕಾಶವನ್ನು ಪೋಲರಾಯ್ಡ್ ಕನ್ನಡಕದ ಒಂದು ಗಾಜಿನ ಮೂಲಕ ನೋಡುತ್ತ ಗಾಜನ್ನು ನಿಧಾನವಾಗಿ ತಿರುಗಿಸಿದರೆ ನೀಲಿ ಗಾಢವಾಗಿ, ಮತ್ತೆ ತೆಳುವಾಗುತ್ತದೆ. ಇದನ್ನು ಅಕ್ಟೋಬರಿನ ಒಂದು ತಿಳಿ ಸಂಜೆ ಮಾಡಿ, ಜನವರಿಯಲ್ಲಿ ಮತ್ತೊಮ್ಮೆ ಮಾಡಲಿ. ಮಬ್ಬು ಹೆಚ್ಚಿದಷ್ಟೂ ಈ ವ್ಯತ್ಯಾಸ ಕುಗ್ಗಿರುತ್ತದೆ. ಎರಡು ಸಲವೂ ಗಾಜನ್ನು ಸೂರ್ಯನತ್ತ ಮಾತ್ರ ತಿರುಗಿಸದಂತೆ ನೀವು ಜೊತೆಯಲ್ಲಿರಬೇಕು, ಏಕೆಂದರೆ ಅಂಥ ಕನ್ನಡಕವು ನೇರ ಬಿಸಿಲಿನಿಂದ ಕಣ್ಣನ್ನು ಕಾಪಾಡುವುದಿಲ್ಲ.