ದೂರು ಬಂದ ಮೇಲೆ ರಾಜಿಯೇ?

ಪ್ರಶ್ನೆ: ನಮ್ಮ ಹೊಲಿಗೆ ಘಟಕದಲ್ಲಿ 34 ಜನರಿದ್ದಾರೆ. ಸೂಪರ್‌ವೈಸರ್ ಮೇಲೆ ಕೆಲಸಗಾರ್ತಿಯೊಬ್ಬರು ಲೈಂಗಿಕ ಕಿರುಕುಳದ ದೂರು ಬರೆದುಕೊಟ್ಟಿದ್ದಾರೆ. ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಬಹುದೇ?

ಉತ್ತರ: ನೀವಾಗಿಯೇ ಮಾಡಿಸುವಂತಿಲ್ಲ. ರಾಜಿಯನ್ನು ದೂರುದಾರರೇ ಕೇಳಬೇಕು. ಆಗಲೂ ದುಡ್ಡು ಕೊಟ್ಟು ಮುಗಿಸುವ ಹಾಗಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ, 10 ಜನರಿದ್ದರೂ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಕಡ್ಡಾಯ, ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ. ಹಿರಿಯ ಮಹಿಳಾ ಉದ್ಯೋಗಿ ಅಧ್ಯಕ್ಷೆ, ಅರ್ಧದಷ್ಟಾದರೂ ಮಹಿಳೆಯರು, ಹೊರಗಿನ ಸದಸ್ಯರೊಬ್ಬರು ಇರಲೇಬೇಕು. ಹೆಚ್ಚಿನವರು ಎಡವುವುದು ಈ ಹೊರಗಿನ ಸದಸ್ಯರ ವಿಷಯದಲ್ಲೇ: ಮಾಲೀಕರ ಗೆಳೆಯರ ಹೆಸರು ಬರೆದಿಟ್ಟಿರುತ್ತಾರೆ, ವಿಚಾರಣೆಯೇ ಪ್ರಶ್ನೆಗೆ ಒಳಗಾಗುತ್ತದೆ.

ವಿಚಾರಣೆಗೆ 90 ದಿನ, ವರದಿಗೆ 10 ದಿನ, ಶಿಫಾರಸು ಜಾರಿಗೆ 60 ದಿನ. ಅಷ್ಟರಲ್ಲಿ ದೂರು ಕೊಟ್ಟಾಕೆ ಲಿಖಿತವಾಗಿ ಕೋರಿದರೆ ಸಮಿತಿಯ ಶಿಫಾರಸಿನಂತೆ ವರ್ಗಾವಣೆ ಅಥವಾ 3 ತಿಂಗಳವರೆಗೆ ರಜೆ ಕೊಡಬಹುದು. ಆಕೆಯ ಹೆಸರು ಮಾತ್ರ ನೋಟಿಸ್ ಬೋರ್ಡಿಗಾಗಲಿ ವಾಟ್ಸಾಪ್ ಗ್ರೂಪಿಗಾಗಲಿ ಹೋಗಕೂಡದು.