20 ಅಡಿಯ ದೋಣಿ ಎಳೆಯಲು 3,500 ಪೌಂಡ್ ಸಾಮರ್ಥ್ಯದ ಕಾರು ಸಾಕೇ?

ಸಾಲದು. ಅಮೆರಿಕದಲ್ಲಿ ಹೊಸದಾಗಿ ದೋಣಿ ಕೊಳ್ಳುವವರು ಎಡವುವುದು ಇಲ್ಲಿಯೇ. ಮಾರಾಟದ ಪುಸ್ತಿಕೆಯಲ್ಲಿ ಸಾಮಾನ್ಯವಾಗಿ ಇರುವುದು ಖಾಲಿ ದೋಣಿಯ ತೂಕ ಮಾತ್ರ. ನೀವು ಎಳೆಯುವುದು ಇಡೀ ಸಂಸಾರವನ್ನು.

ಲೆಕ್ಕ ಹಾಕೋಣ. ಎಂಜಿನ್ ಸೇರಿ ಫೈಬರ್‌ಗ್ಲಾಸ್ ದೋಣಿ 3,000 ಪೌಂಡ್ ಎಂದುಕೊಳ್ಳಿ. ಟ್ರೇಲರ್ 900. ಪೆಟ್ರೋಲ್ ಗ್ಯಾಲನ್‌ಗೆ ಸುಮಾರು 6 ಪೌಂಡ್, 40 ಗ್ಯಾಲನ್‌ಗೆ 240. ಲಂಗರು, ಬ್ಯಾಟರಿ, ಲೈಫ್ ಜಾಕೆಟ್, ಐಸ್ ಪೆಟ್ಟಿಗೆ ಎಲ್ಲ ಸೇರಿ 250. ಒಟ್ಟು 4,390! ಒಂದಿಷ್ಟು ಸಾಮರ್ಥ್ಯ ಮಿಗುವಂತಿರಲು ಇದಕ್ಕೆ 5,500 ಪೌಂಡ್ ಎಳೆಯಬಲ್ಲ ವಾಹನವಾದರೂ ಬೇಕು; ಘಟ್ಟದ ದಾರಿಯಾದರೆ ಇನ್ನೂ ಹೆಚ್ಚಿನದೇ ಲೇಸು.

ಇನ್ನೊಂದನ್ನು ಮರೆಯುತ್ತಾರೆ. ಟ್ರೇಲರಿನ ಮೂತಿ ಕಾರಿನ ಕೊಕ್ಕೆಯ ಮೇಲೆ ಒಟ್ಟು ತೂಕದ ಸುಮಾರು ಹತ್ತನೇ ಒಂದು ಭಾಗವನ್ನು ಹೇರುತ್ತದೆ. ಇಲ್ಲಿ ಅದು 440 ಪೌಂಡ್. ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿರುವ ಹೊರೆಯ ಮಿತಿಯಿಂದ ಇದನ್ನೂ ಜನರ ತೂಕವನ್ನೂ ಕಳೆಯಬೇಕು.

ನಿಜವಾದ ಪರೀಕ್ಷೆ ಇರುವುದು ಹೆದ್ದಾರಿಯಲ್ಲಲ್ಲ, ದೋಣಿಯನ್ನು ನೀರಿಗಿಳಿಸುವ, ಪಾಚಿ ಕಟ್ಟಿದ ಇಳಿಜಾರಿನಲ್ಲಿ. ದೋಣಿಯನ್ನು ನೀರಿನಿಂದ ಮೇಲೆಳೆಯುವಾಗ ಹಿಂಬದಿ ಕುಸಿದು ಮುಂದಿನ ಚಕ್ರಗಳು ಹಗುರಾಗುತ್ತವೆ. ಮುಂಚಕ್ರ ಚಾಲನೆಯ ಕಾರು ಅಲ್ಲಿ ಗಿರ್ರನೆ ಚಕ್ರ ತಿರುಗಿಸುತ್ತಾ ನಿಂತಲ್ಲೇ ನಿಲ್ಲಬಹುದು. ನಾಲ್ಕು ಚಕ್ರಗಳಿಗೂ ಚಾಲನೆ ಇರುವುದನ್ನೇ ಕೊಳ್ಳಿ.